ಕಬ್ಬಿನ ನಾಡಿಗೊಂದು ಸ್ಟೀಲ್ ಹಾರ್ಡ್‌ಟೇಲ್: ಫ್ರೇಮ್ ಆರಿಸುವುದು ಹೇಗೆ, ಕಟ್ಟಿಕೊಳ್ಳುವುದು ಹೇಗೆ?

ಚಿಕ್ಕೋಡಿಯಿಂದ ಅಥಣಿವರೆಗೆ ಯಾವ ದೊಡ್ಡ ಊರಿಗೆ ಹೋದರೂ ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವ ವೆಲ್ಡಿಂಗ್ ಅಂಗಡಿ ಒಂದಾದರೂ ಸಿಗುತ್ತದೆ. ಅಲ್ಯೂಮಿನಿಯಂ ಸೈಕಲ್ ಫ್ರೇಮ್ ಬೆಸೆದು, ಆಮೇಲೆ ಅದಕ್ಕೆ ಬೇಕಾದ ಹೀಟ್ ಟ್ರೀಟ್‌ಮೆಂಟ್ ಕೊಡುವವರನ್ನು ನಾನು ಈ ಐದು ತಾಲೂಕುಗಳಲ್ಲಿ ಕಂಡಿಲ್ಲ. ಕಾರ್ಬನ್ನಿನ ಮಾತು ಬಿಡಿ. ಈ ಕಾಲದಲ್ಲೂ ಸ್ಟೀಲ್ ಯಾಕೆ ಅಂತ ಕೇಳುವ ಗೆಳೆಯರಿಗೆ ನನ್ನ ಉತ್ತರದ ಅರ್ಧ ಭಾಗ ಇಷ್ಟೇ. ನಮ್ಮೂರಲ್ಲಿ ರಿಪೇರಿ ಆಗದ ವಸ್ತುವನ್ನು ನಾವು ಕೊಂಡಿರುವುದಿಲ್ಲ, ಬಾಡಿಗೆಗೆ ಪಡೆದಿರುತ್ತೇವೆ.

ಉಳಿದ ಅರ್ಧ ಉತ್ತರ ನೆಲದ್ದು. ನಿಪ್ಪಾಣಿ ಬದಿಯ ಸ್ತವನಿಧಿ ಘಾಟು, ಚಿಕ್ಕೋಡಿ ಸುತ್ತಲಿನ ಕಲ್ಲು ಗುಡ್ಡ, ಕೃಷ್ಣಾ ದಂಡೆಯ ಎರೆಮಣ್ಣು, ರಾಯಬಾಗದ ಕಾಲುವೆ ಏರಿಗಳು, ಅಥಣಿಯಿಂದ ಅನಂತಪುರ, ತೆಲಸಂಗದ ಕಡೆ ಹೋದರೆ ಒಣಭೂಮಿ. ಕಬ್ಬಿನ ಹಂಗಾಮಿನಲ್ಲಿ ಡಬಲ್ ಟ್ರೇಲರ್ ಓಡಾಡಿ ಆಳವಾದ ಗಾಲಿಗೆರೆ ಬಿದ್ದ ಹೊಲದ ರಸ್ತೆಗಳು. ಇಲ್ಲಿ ಡಾಂಬರು ಯಾವಾಗ ಮುಗಿಯುತ್ತದೆ ಅಂತ ಹೇಳಾಕ ಬರೂದಿಲ್ಲ. ತೆಳ್ಳನೆ ಟೈರಿನ ಸೈಕಲ್ ಅಂದರೆ ಅರ್ಧ ದಾರಿಗೆ ಹೆಗಲ ಮೇಲೆ ಹೊರುವ ಸೈಕಲ್.

ಹಾರ್ಡ್‌ಟೇಲ್ ಅಂದರೆ ಹಿಂದಿನ ಭಾಗಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲದ ಮೌಂಟೇನ್ ಬೈಕ್. ಮುಂದೆ ಸಸ್ಪೆನ್ಷನ್ ಫೋರ್ಕ್ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆ ಕೀಲು, ಬುಶ್, ಲಿಂಕ್ ಯಾವುದೂ ಇಲ್ಲವಾದ್ದರಿಂದ ಸವೆಯುವ ಭಾಗ ಕಡಿಮೆ, ಧೂಳು ಕೂರುವ ಸಂದು ಕಡಿಮೆ.

ಸೈಕಲ್ಲು ನಮ್ಮ ರಾಜಕಾರಣಕ್ಕೆ ಹೊಸದಲ್ಲ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಕೋವಿಡ್ ಹೊತ್ತಿಗೆ ಯೋಜನೆ ನಿಂತಿತು. ಎಷ್ಟೋ ಹುಡುಗಿಯರು ಹೈಸ್ಕೂಲು ಮುಗಿಸಿದ್ದಕ್ಕೆ ಆ ಸೈಕಲ್ಲೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ತೊಂಬತ್ತರ ದಶಕದ ಆರಂಭದ ಸಾಕ್ಷರತಾ ಆಂದೋಲನ ಸಾವಿರಾರು ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸಿತ್ತು, ಅದನ್ನು ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಆದರೆ ಸೈಕಲ್ ಕೊಟ್ಟರೆ ಸಾಲದು, ಅದು ಮೂರನೇ ವರ್ಷವೂ ಓಡಬೇಕು. ನಮ್ಮಲ್ಲಿ ಸೈಕಲ್ ಚರ್ಚೆ ಯಾವಾಗಲೂ ಹಂಚಿಕೆಗೇ ನಿಲ್ಲುತ್ತದೆ. ಪೈಪು ಯಾವುದು, ದಪ್ಪ ಎಷ್ಟು, ಗಾತ್ರ ಯಾರಿಗೆ ಸರಿ ಎಂಬ ಪ್ರಶ್ನೆಗೆ ಬರುವುದೇ ಇಲ್ಲ. ಈ ಲೇಖನ ಆ ಪ್ರಶ್ನೆಗಳ ಬಗ್ಗೆ.

ಸ್ಟೀಲ್ ಎಂದರೆ ಯಾವ ಸ್ಟೀಲ್?

ಅಂಗಡಿಯಲ್ಲಿ 'ಸ್ಟೀಲ್ ಫ್ರೇಮ್' ಅಂದರೆ ಹತ್ತರಲ್ಲಿ ಒಂಬತ್ತು ಸಲ ಅದು ಹೈ-ಟೆನ್‌ಸೈಲ್ ಅಂತ ಕರೆಯುವ ಸಾದಾ ಕಾರ್ಬನ್ ಸ್ಟೀಲ್. ಇನ್ನೊಂದು ಕ್ರೋಮೋಲಿ, ಅಂದರೆ ಕಬ್ಬಿಣಕ್ಕೆ ಶೇ 1ರ ಆಸುಪಾಸು ಕ್ರೋಮಿಯಂ, ಶೇ 0.2ರಷ್ಟು ಮಾಲಿಬ್ಡಿನಂ, ಶೇ 0.3ರಷ್ಟು ಇಂಗಾಲ ಸೇರಿದ ಮಿಶ್ರಲೋಹ. ಪೈಪಿನ ಮೇಲಿನ ಸ್ಟಿಕ್ಕರಿನಲ್ಲಿ 4130 ಅಂತ ಬರೆದಿದ್ದರೆ ಅದೇ ಇದು. ಬ್ರಿಟನ್ನಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಬೇರೆ ಮಿಶ್ರಣ, ಅದರಲ್ಲಿ ಮ್ಯಾಂಗನೀಸ್ ಇದೆ. ಈಗಿನ ರೆನಾಲ್ಡ್ಸ್ 520, 725 ಕ್ರೋಮೋಲಿ ಕುಟುಂಬದವು.

ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಸಾದಾ ಸ್ಟೀಲಿಗೂ ಕ್ರೋಮೋಲಿಗೂ ಬಿಗಿತದಲ್ಲಿ ವ್ಯತ್ಯಾಸ ಇಲ್ಲ, ಎರಡೂ ಸುಮಾರು 200 ಗಿಗಾಪಾಸ್ಕಲ್. ವ್ಯತ್ಯಾಸ ಇರುವುದು ತಾಕತ್ತಿನಲ್ಲಿ, ಅಂದರೆ ಶಾಶ್ವತವಾಗಿ ಬಾಗುವ ಮುಂಚೆ ಎಷ್ಟು ಭಾರ ತಡೆಯುತ್ತದೆ ಅನ್ನುವುದರಲ್ಲಿ. ಕ್ರೋಮೋಲಿ ಹೆಚ್ಚು ತಡೆಯುವುದರಿಂದ ಪೈಪನ್ನು ತೆಳ್ಳಗೆ ಮಾಡಬಹುದು. ಪೈಪಿನ ತುದಿಗಳಲ್ಲಿ 0.8 ಮಿ.ಮೀ., ನಡುವೆ 0.5 ಮಿ.ಮೀ. ಇಟ್ಟರೆ ಅದನ್ನು ಬಟೆಡ್ ಪೈಪ್ ಅಂತಾರೆ. ಬೆಸುಗೆ ಬೀಳುವ ಕಡೆ ದಪ್ಪ, ಉಳಿದ ಕಡೆ ತೆಳು. ಸಾದಾ ಸ್ಟೀಲಿನ ಫ್ರೇಮ್ ಮೂರು ಕಿಲೋ ದಾಟುತ್ತದೆ, ಒಳ್ಳೆ ಕ್ರೋಮೋಲಿ ಹಾರ್ಡ್‌ಟೇಲ್ ಎರಡೂಕಾಲರಿಂದ ಎರಡೂ ಮುಕ್ಕಾಲು ಕಿಲೋದೊಳಗೆ ಇರುತ್ತದೆ. ಅಲ್ಯೂಮಿನಿಯಂ ಇನ್ನೂ ಹಗುರ, ಅದರ ಸಾಂದ್ರತೆ ಸ್ಟೀಲಿನ ಮೂರನೇ ಒಂದು ಭಾಗ. ಆದರೆ ಸ್ಟೀಲಿಗೆ ಒಂದು ಗುಣ ಇದೆ. ಒಂದು ಮಿತಿಯ ಕೆಳಗಿನ ಹೊಡೆತಗಳು ಎಷ್ಟು ಲಕ್ಷ ಸಲ ಬಿದ್ದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಹೊಡೆತಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ತಯಾರಕರು ಅದನ್ನು ದಪ್ಪ ಪೈಪಿನಿಂದ ಸರಿದೂಗಿಸುತ್ತಾರೆ ಅನ್ನುವುದೂ ನಿಜ.

ಸ್ಟೀಲ್ ಮೆತ್ತಗೆ ಓಡುತ್ತದೆ, ಕುಲುಕು ನುಂಗುತ್ತದೆ ಅನ್ನುವ ಭಕ್ತಿಗೀತೆಯನ್ನು ನಾನು ಹಾಡುವುದಿಲ್ಲ. ತ್ರಿಕೋನದ ಫ್ರೇಮ್ ಮೇಲೆ-ಕೆಳಗೆ ಬಾಗುವುದು ಬಹಳ ಕಡಿಮೆ. ನಿಮ್ಮ ಬೆನ್ನು ಉಳಿಸುವುದು ಟೈರಿನ ಗಾಳಿ, ಆಮೇಲೆ ಸೀಟು, ಆಮೇಲೆ ಫೋರ್ಕ್. ಸ್ಟೀಲ್ ಕೊಳ್ಳಬೇಕಾದ್ದು ರಿಪೇರಿಗೆ, ಬಾಳಿಕೆಗೆ.

ಸ್ಟಿಕ್ಕರ್ ಇಲ್ಲದ, ಬಣ್ಣ ಬಳಿದ ಹಳೇ ಫ್ರೇಮ್ ಸಿಕ್ಕಾಗ ಪೈಪು ಯಾವುದೆಂದು ತಿಳಿಯುವುದು ಹೇಗೆ? ಆಯಸ್ಕಾಂತ ಅಂಟಿದರೆ ಸ್ಟೀಲ್, ಅಷ್ಟೇ ಗೊತ್ತಾಗುತ್ತದೆ. ಮುಂದಿನ ಪರೀಕ್ಷೆಗೆ ಲೇಥ್ ಅಂಗಡಿಯವರ ವರ್ನಿಯರ್ ಸಾಕು. ಹಳೇ ಸ್ಟೀಲ್ ಫ್ರೇಮುಗಳಲ್ಲಿ ಸೀಟು ಪೈಪಿನ ಹೊರ ಅಳತೆ ಹೆಚ್ಚಾಗಿ 28.6 ಮಿ.ಮೀ. ಅದರೊಳಗೆ ಇಳಿಯುವ ಸೀಟ್‌ಪೋಸ್ಟ್ 27.2 ಇದ್ದರೆ ಪೈಪಿನ ಗೋಡೆ ಸುಮಾರು 0.7 ಮಿ.ಮೀ., ಒಳ್ಳೆ ಪೈಪು ಇರುವ ಸಾಧ್ಯತೆ ಹೆಚ್ಚು. ಸೀಟ್‌ಪೋಸ್ಟ್ 25.4 ಇದ್ದರೆ ಗೋಡೆ 1.6 ಮಿ.ಮೀ., ಅದು ನೀರಿನ ಪೈಪಿನ ಅಣ್ಣ. ಕೆಟ್ಟದ್ದೇನಲ್ಲ, ಹಾಲಿನ ಕ್ಯಾನ್ ಹೊರಾಕ ಛಲೋ. ಕ್ರೋಮೋಲಿ ರೇಟು ಮಾತ್ರ ಕೊಡಬ್ಯಾಡ್ರಿ.

ರೇಟಿನ ಮಾತು ಬಂತು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ಕೂತಿದ್ದರು, ಕೊನೆಗೆ 3300ಕ್ಕೆ ಇತ್ಯರ್ಥವಾಯಿತು. ಆ ಲೆಕ್ಕದಲ್ಲಿ ಹತ್ತು ಟನ್ ಕಬ್ಬಿನ ದುಡ್ಡು 33 ಸಾವಿರ. ಹೊರದೇಶದ ಹೆಸರಾಂತ ಕ್ರೋಮೋಲಿ ಫ್ರೇಮುಗಳು ಸುಂಕ ಸೇರಿ ಅದನ್ನು ದಾಟುತ್ತವೆ, ಮತ್ತು ಅದು ಬರೀ ಫ್ರೇಮು, ಗಾಲಿ-ಗೇರು ಬೇರೆ. ಅದೇ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅಷ್ಟು ಸಮಾಧಾನ. ಹಾಗಾಗಿ ನಮ್ಮಂಥವರ ನಿಜವಾದ ದಾರಿ ಸೆಕೆಂಡ್ ಹ್ಯಾಂಡ್. ಪುಣೆ, ಬೆಂಗಳೂರಿನಲ್ಲಿ ಕಾರ್ಬನ್ನಿಗೆ ಬದಲಾಗುವವರು ಬಿಟ್ಟುಕೊಡುವ ಸ್ಟೀಲ್ ಫ್ರೇಮುಗಳು, ಇಲ್ಲವೇ ತೊಂಬತ್ತರ ದಶಕದ 26 ಇಂಚಿನ ಹಳೇ ಎಂಟಿಬಿಗಳು.

ಸೆಕೆಂಡ್ ಹ್ಯಾಂಡ್ ಫ್ರೇಮ್ ನೋಡುವಾಗ ಮೊದಲು ಕೆಳಪೈಪಿನ ಅಡಿಭಾಗ, ಹ್ಯಾಂಡಲ್ ಕೊಳವೆಯಿಂದ ನಾಲ್ಕು ಬೆರಳು ಹಿಂದೆ, ಕೈಯಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬಿದ್ದರೆ ಅದು ಎದುರಿಗೆ ಗುದ್ದಿದ ಫ್ರೇಮು. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಪೆಡಲ್ ಗೂಡಿನ ಸುತ್ತ, ಹಿಂದಿನ ಎರಡು ಕವಲುಗಳನ್ನು ಜೋಡಿಸುವ ಅಡ್ಡಪಟ್ಟಿಯ ಹತ್ತಿರ ಕೂದಲೆಳೆ ಬಿರುಕು ಹುಡುಕಿ. ಸೀಟ್‌ಪೋಸ್ಟ್ ಅಲುಗುತ್ತದೆಯೇ ನೋಡಿ. ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಪೈಪಿನಲ್ಲಿ ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಕಚ್ಚಿಕೊಳ್ಳುತ್ತದೆ, ತೆಗೆಯಲು ಗರಗಸವೇ ಬೇಕಾಗಬಹುದು.

ಫ್ರೇಮ್ ನೆಟ್ಟಗಿದೆಯೇ ಅಂತ ನೋಡಲು ಒಂದು ನೂಲು ಸಾಕು. ಹಿಂದಿನ ಗಾಲಿ ಕೂರುವ ಒಂದು ಬದಿಯ ಕಚ್ಚಿಗೆ ನೂಲು ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಕಚ್ಚಿಗೆ ಬಿಗಿಯಾಗಿ ಕಟ್ಟಿ. ಸೀಟು ಪೈಪಿನಿಂದ ಎಡ ನೂಲಿಗೆ, ಬಲ ನೂಲಿಗೆ ಇರುವ ದೂರ ಅಳೆಯಿರಿ. ಒಂದೆರಡು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಂಭಾಗ ಸೊಟ್ಟ. ಸ್ಟೀಲ್ ಆದ್ದರಿಂದ ಅದನ್ನು ತಣ್ಣಗಿದ್ದಾಗಲೇ ಬಗ್ಗಿಸಿ ಸರಿ ಮಾಡಬಹುದು. 130 ಮಿ.ಮೀ. ಅಗಲದ ಹಳೇ ಕಚ್ಚನ್ನು 135ಕ್ಕೆ ಹಿಗ್ಗಿಸಿ ಈಗಿನ ಗಾಲಿ ಕೂರಿಸುವುದೂ ಹೀಗೆಯೇ. ಅಲ್ಯೂಮಿನಿಯಂ ಮೇಲೆ ಈ ಪ್ರಯೋಗ ಮಾಡಬೇಡಿ.

ಎರೆಮಣ್ಣು ಕೇಳುವ ಮೊದಲ ಪ್ರಶ್ನೆ

ಇಂಗ್ಲಿಷ್ ವಿಡಿಯೋಗಳಲ್ಲಿ ಫ್ರೇಮ್ ಆಯ್ಕೆ ಅಂದರೆ ಹೆಡ್ ಆ್ಯಂಗಲ್ 65 ಡಿಗ್ರಿಯೋ 64 ಡಿಗ್ರಿಯೋ ಅನ್ನುವ ಜಗಳ. ಅದು ಕಡಿದಾದ ಪರ್ವತ ಇಳಿಯುವವರ ಸಮಸ್ಯೆ. ಕೃಷ್ಣಾ ದಂಡೆಯಲ್ಲಿ ಮೊದಲು ಕೇಳಬೇಕಾದ್ದು ಬೇರೆ: ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಬೆರಳು ಹೋಗುತ್ತದೆಯೇ?

ಎರೆಮಣ್ಣು ಮಳೆ ಬಿದ್ದ ಮೇಲೆ ಟೈರಿಗೆ ಅಂಟುತ್ತದೆ, ಒಂದು ಸುತ್ತಿಗೆ ಒಂದು ಪದರ. ನೂರು ಮೀಟರ್ ಹೋಗುವಷ್ಟರಲ್ಲಿ ಹಿಂದಿನ ಕವಲಿನ ನಡುವೆ ಮಣ್ಣಿನ ಮುದ್ದೆ ಕಟ್ಟಿ ಗಾಲಿ ನಿಂತೇ ಬಿಡುತ್ತದೆ. ಎಳೆದರೆ ಮಣ್ಣಿನಲ್ಲಿರುವ ಸಣ್ಣ ಕಲ್ಲು ಪೈಪನ್ನು ಉಜ್ಜಿ ಬಣ್ಣ, ಆಮೇಲೆ ಲೋಹವನ್ನೇ ತಿನ್ನುತ್ತದೆ. ಅದಕ್ಕೇ 2.6 ಇಂಚಿನ ಟೈರಿಗೆ ಜಾಗ ಇರುವ ಫ್ರೇಮ್ ತಂದು 2.25 ಇಂಚಿನ ಟೈರ್ ಹಾಕಿ. ಎರಡೂ ಬದಿ ಕನಿಷ್ಠ 8ರಿಂದ 10 ಮಿ.ಮೀ. ಉಳಿಯಬೇಕು. ಅಂಗಡಿಯವರು ತದ್ವಿರುದ್ಧ ಮಾಡುತ್ತಾರೆ, ಹಿಡಿಸುವಷ್ಟು ದಪ್ಪ ಟೈರ್ ಹಾಕಿ ಗತ್ತು ತೋರಿಸುತ್ತಾರೆ. ಬೇಸಿಗೆಯಲ್ಲಿ ನಡೀತದ, ಆಗಸ್ಟ್‌ನಲ್ಲಿ ನಡಿಯೂದಿಲ್ಲ.

ಕೋನಗಳ ವಿಷಯಕ್ಕೆ ಬಂದರೆ, ಹೆಡ್ ಆ್ಯಂಗಲ್ 67.5ರಿಂದ 69 ಡಿಗ್ರಿ ನಮಗೆ ಸಾಕು. ತೊಂಬತ್ತರ ದಶಕದವು 71ರ ಹತ್ತಿರ ಇರುತ್ತವೆ, ಏರಿಗೆ ಚುರುಕು, ಇಳಿಜಾರಿನಲ್ಲಿ ಸ್ವಲ್ಪ ಅಂಜಿಕೆ. ಸೀಟು ಪೈಪಿನ ಕೋನ 73-75. ಪೆಡಲ್ ಗೂಡು ನೆಲದಿಂದ 30 ಸೆಂ.ಮೀ.ಗಿಂತ ಕೆಳಗೆ ಇರಬಾರದು, ಇಲ್ಲಾಂದ್ರ ಟ್ರ್ಯಾಕ್ಟರ್ ಗಾಲಿಗೆರೆಯಲ್ಲಿ ಪೆಡಲ್ ದಿಬ್ಬಕ್ಕೆ ಬಡಿಯುತ್ತದೆ. ಕ್ರ್ಯಾಂಕ್ 170 ಮಿ.ಮೀ. ತಗೊಳ್ಳಿ, ಎತ್ತರ ಕಡಿಮೆ ಇದ್ದವರು 165.

ಗಾತ್ರಕ್ಕೆ ಇಂಚಿನ ನಂಬರ್ ನಂಬಬೇಡಿ, 'ರೀಚ್' ಅನ್ನುವ ಅಳತೆ ನೋಡಿ. ಪೆಡಲ್ ಗೂಡಿನ ನೇರ ಮೇಲಿನಿಂದ ಹ್ಯಾಂಡಲ್ ಕೊಳವೆಯ ತಲೆವರೆಗಿನ ಅಡ್ಡ ದೂರ ಅದು. ಇತ್ತೀಚಿನ ಫ್ರೇಮುಗಳಲ್ಲಿ 160-168 ಸೆಂ.ಮೀ. ಎತ್ತರದವರಿಗೆ 410-430 ಮಿ.ಮೀ., 177ರವರೆಗೆ 430-455, ಅದರ ಮೇಲೆ 480ರವರೆಗೆ. ಹಳೇ ಫ್ರೇಮುಗಳಲ್ಲಿ ರೀಚ್ ಕಡಿಮೆ, ಸ್ಟೆಮ್ ಉದ್ದ, ಹಾಗಾಗಿ ಅಲ್ಲಿ ಈ ಅಂಕಿ ನಡೆಯುವುದಿಲ್ಲ, ಕೂತೇ ನೋಡಬೇಕು. ಮೇಲಿನ ಪೈಪಿನ ಎರಡೂ ಬದಿ ಕಾಲಿಟ್ಟು ನಿಂತಾಗ ತೊಡೆಸಂದಿಗೂ ಪೈಪಿಗೂ ಮೂರ್ನಾಲ್ಕು ಬೆರಳು ಅಂತರ ಬೇಕು. ಹೆಣ್ಣುಮಕ್ಕಳಿಗೆ 'ಲೇಡೀಸ್ ಫ್ರೇಮ್' ಅಂತ ಬೇರೆ ಮಾರುವ ಚಾಳಿ ನಮ್ಮಲ್ಲಿದೆ. ಮೇಲಿನ ಪೈಪು ಇಳಿಜಾರಾಗಿರುವ ಸಣ್ಣ ಗಾತ್ರದ ಹಾರ್ಡ್‌ಟೇಲ್ ಚೂಡಿದಾರದವರಿಗೆ ಯಾವ ತೊಡಕೂ ಇಲ್ಲದೆ ನಡೆಯುತ್ತದೆ, ಮತ್ತು ಮೇಲಿನ ಪೈಪು ಇಲ್ಲದ ಫ್ರೇಮಿಗಿಂತ ಗಟ್ಟಿ. ಸೀರೆಗೆ ಮಾತ್ರ ಇನ್ನೂ ತಗ್ಗಿನ ಫ್ರೇಮೇ ಬೇಕು, ಅದು ಸುಳ್ಳಲ್ಲ.

ಇನ್ನೊಂದು, ಕ್ಯಾರಿಯರ್ ಕೂರಿಸಲು ಹಿಂದಿನ ಕಚ್ಚಿನ ಹತ್ತಿರ ಮತ್ತು ಸೀಟಿನ ಕೆಳಗೆ ನಟ್ಟಿನ ಕಣ್ಣುಗಳಿವೆಯೇ ನೋಡಿ. ಸ್ಟೀಲ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಶನಿವಾರ ಗುಡ್ಡ ಹತ್ತುವ ಸೈಕಲ್ಲೇ ಸೋಮವಾರ ಹಿಟ್ಟಿನ ಗಿರಣಿಗೂ ಹೋಗಬೇಕಲ್ಲ.

ಗೂಡು, ಎಳೆ, ಗಾಲಿ: ನಮ್ಮ ಪೇಟೆಯಲ್ಲಿ ಸಿಗುವುದೇ ಒಳ್ಳೆಯದು

ಪೆಡಲ್ ಗೂಡು ಎಳೆ ಇರುವಂಥದ್ದೇ ಬೇಕು, ಒತ್ತಿ ಕೂರಿಸುವ ಹೊಸ ನಮೂನೆ ಬೇಡ. ಧೂಳಿನಲ್ಲಿ ಅವು ಕಿರ್ ಅನ್ನುತ್ತವೆ, ಬದಲಿಸಲು ಬೇರೆ ಹತಾರು ಬೇಕು. ಎಳೆ ಇರುವ ಗೂಡಿನ ಅಳತೆ 68 ಅಥವಾ 73 ಮಿ.ಮೀ. ಅಗಲ, ಎಳೆಯ ಹೆಸರು ಬಿಎಸ್‌ಎ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕಿನ ಕಂಪನಿ. ಸಾಮ್ರಾಜ್ಯ ಹೋಯಿತು, ಅದರ ನಟ್ಟಿನ ಎಳೆ ಉಳಿಯಿತು. ಈ ಗೂಡಿನಲ್ಲಿ ಬಲಬದಿಯ, ಅಂದರೆ ಚೈನಿನ ಬದಿಯ ಕಪ್ಪಿಗೆ ಉಲ್ಟಾ ಎಳೆ. ಗಡಿಯಾರದ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಹೊಸ ಹುಡುಗರಿರುವ ಅಂಗಡಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿ. ಎಳೆ ಒಮ್ಮೆ ಕಿತ್ತುಹೋದರೆ ಲೇಥಿಗೇ ಹೋಗಬೇಕು.

ಹಿಂದಿನ ಗಾಲಿಗೆ 135 ಮಿ.ಮೀ. ಕ್ವಿಕ್ ರಿಲೀಸ್ ಇರುವ ಫ್ರೇಮಿಗೆ ಗಾಲಿ ಅಗ್ಗ, ಎಲ್ಲ ಕಡೆ ಲಭ್ಯ. 148 ಮಿ.ಮೀ. ಬೂಸ್ಟ್ ಗಟ್ಟಿ, ಆದರೆ ಹಬ್ ಹಾಳಾದರೆ ಪಾರ್ಸೆಲ್ ಕಾಯಬೇಕು. ನನ್ನ ಓಟು 135ಕ್ಕೆ. ಗಾಲಿಯ ಗಾತ್ರ 29 ಇಂಚು ಗಾಲಿಗೆರೆ ದಾಟಲು ಸುಲಭ. 160 ಸೆಂ.ಮೀ.ಗಿಂತ ಕಡಿಮೆ ಎತ್ತರದವರಿಗೆ 27.5. ಹಳೇ 26ರ ಟೈರ್, ಟ್ಯೂಬ್ ಈಗಲೂ ನಮ್ಮ ಸಂತೆಪೇಟೆಯ ಅಂಗಡಿಗಳಲ್ಲಿ ಸಿಗುತ್ತವೆ, ಅದೇನು ಸಣ್ಣ ಲಾಭ ಅಲ್ಲ. ನಮ್ಮ ಕರಿ ಸೈಕಲ್ಲಿನ 28 ಇಂಚು ಬೇರೆಯೇ ಲೆಕ್ಕ. ಅದರ ರಿಮ್ 635 ಮಿ.ಮೀ., 29ರ ರಿಮ್ 622. ಹೆಸರಿನಲ್ಲಿ 28 ಚಿಕ್ಕದು, ರಿಮ್ಮಿನಲ್ಲಿ ದೊಡ್ಡದು. ಒಂದರ ಟೈರ್ ಇನ್ನೊಂದಕ್ಕೆ ಆಗುವುದಿಲ್ಲ.

ಬೇರಿಂಗು, ಬೋಲ್ಟಿಗೆ ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಹೋಗುತ್ತಾರೆ, ಕಾಗವಾಡ-ಉಗಾರದವರು ಮಿರಜಿಗೆ. ಬೆಳಗಾವಿಯೂ ಕೊಲ್ಲಾಪುರವೂ ಫೌಂಡ್ರಿ ಊರುಗಳು, ಹೆಡ್‌ಟ್ಯೂಬಿನ ಬಾಯಿ ಸಮ ಮಾಡುವ, ಬುಶ್ ಕಡೆಯುವ ಕೈಗಳು ಅಲ್ಲಿ ಬೇಕಾದಷ್ಟಿವೆ. ಪೌಡರ್ ಕೋಟಿಂಗೂ ಅಲ್ಲೇ. ಗಡಿ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಜಿಲ್ಲಾ ಕೇಂದ್ರಕ್ಕೆ ಅಥಣಿಯಿಂದ ಹೋಗಿಬರಲು ಒಂದು ದಿನ ಬೇಕು, ಚಿಕ್ಕೋಡಿ ಜಿಲ್ಲೆಯನ್ನು 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿ ಹಿಂದಕ್ಕೆ ತೆಗೆದುಕೊಂಡಿತು. ಇವೆಲ್ಲದರ ನಡುವೆ ಬಿಡಿಭಾಗಗಳು ಹತ್ತಿರದ ಪೇಟೆಯಿಂದಲೇ ಬರುತ್ತವೆ, ಯಾವ ರಾಜ್ಯದ್ದು ಅಂತ ಯಾರೂ ಕೇಳುವುದಿಲ್ಲ.

ಗೇರಿಗೆ ಮುಂದೆ ಒಂದೇ ಚಕ್ರ, 32 ಹಲ್ಲು. ಹಿಂದೆ 11ರಿಂದ 46 ಹಲ್ಲಿನವರೆಗಿನ ಕ್ಯಾಸೆಟ್. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ 29ರ ಗಾಲಿ ಸುಮಾರು 1.6 ಮೀಟರ್ ಮುಂದೆ ಹೋಗುತ್ತದೆ. ಕರಿ ಸೈಕಲ್ಲಿನ 44-18ರಲ್ಲಿ ಒಂದು ಸುತ್ತಿಗೆ 5.5 ಮೀಟರ್. ಸ್ತವನಿಧಿ ಘಾಟನ್ನು ಅಜ್ಜ ಯಾಕೆ ಇಳಿದು ತಳ್ಳಿಕೊಂಡು ಹತ್ತುತ್ತಿದ್ದ ಅಂತ ಈ ಎರಡು ಅಂಕಿಯಲ್ಲೇ ಗೊತ್ತಾಗುತ್ತದೆ. ಹಿಂದಿನ ಡಿರೇಲರ್ ನೇತಾಡುವ ಕೊಂಡಿ ಬಿಚ್ಚಿ ಬದಲಿಸುವಂಥದ್ದಾದರೆ ಇನ್ನೊಂದು ಕೊಂಡಿ ಈಗಲೇ ಕೊಂಡಿಟ್ಟುಕೊಳ್ಳಿ. ಕಬ್ಬು ಕಟಾವಾದ ಹೊಲದ ರವದಿ ಚೈನಿಗೆ ಸಿಕ್ಕಿ ಡಿರೇಲರನ್ನು ಗಾಲಿಯೊಳಗೆ ಎಳೆದುಬಿಡುತ್ತದೆ. ರವದಿ ಕಂಡ ಕೂಡಲೇ ಪೆಡಲ್ ನಿಲ್ಲಿಸಿ, ಇಳಿದು ಕೈಯಿಂದ ತೆಗೆಯಿರಿ.

ಫೋರ್ಕ್ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ. ಅಗ್ಗದ ಸ್ಪ್ರಿಂಗ್ ಫೋರ್ಕಿಗಿಂತ ಗಟ್ಟಿ ಸ್ಟೀಲ್ ಫೋರ್ಕ್ ಮೇಲು. ಅಗ್ಗದ್ದು ಎರಡೂವರೆ ಕಿಲೋ ತೂಗುತ್ತದೆ, ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ನಿಂತುಬಿಡುತ್ತದೆ, ಆಮೇಲೆ ಅದೂ ಗಟ್ಟಿ ಫೋರ್ಕೇ, ಬರೀ ಭಾರದ್ದು. ನಾನು ಓಡಿಸುವುದು 29ರ ಕ್ರೋಮೋಲಿ ಫ್ರೇಮು, ಮುಂದೆ ಗಟ್ಟಿ ಫೋರ್ಕು. ದುಡ್ಡಿದ್ದರೆ ಏರ್ ಸ್ಪ್ರಿಂಗ್ ಇರುವ 100-120 ಮಿ.ಮೀ. ಫೋರ್ಕ್ ಹಾಕಿ, ಆದರೆ ಆ ಫ್ರೇಮ್ ಎಷ್ಟಕ್ಕೆ ವಿನ್ಯಾಸವಾಗಿದೆಯೋ ಅಷ್ಟೇ. ಫೋರ್ಕಿನ ಉದ್ದ 20 ಮಿ.ಮೀ. ಹೆಚ್ಚಾದರೆ ಹೆಡ್ ಆ್ಯಂಗಲ್ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಪೆಡಲ್ ಗೂಡು ಏರುತ್ತದೆ. ಕೆಳಪೈಪಿನ ಬೆಸುಗೆಯ ಮೇಲೆ ಎಳೆತವೂ ಹೆಚ್ಚು. 100 ಮಿ.ಮೀ. ಸಸ್ಪೆನ್ಷನ್‌ಗೆ ಮಾಡಿದ 29ರ ಫ್ರೇಮಿಗೆ ಗಟ್ಟಿ ಫೋರ್ಕ್ ಹಾಕುವುದಾದರೆ ಅಚ್ಚಿನಿಂದ ಮೇಲ್ತುದಿವರೆಗೆ 470-485 ಮಿ.ಮೀ. ಇರುವುದನ್ನು ಹುಡುಕಿ.

ಜೋಡಿಸುವ ಮುನ್ನ ಅಗಸಿ ಎಣ್ಣಿ

ಸ್ಟೀಲ್ ಹೊರಗಿನಿಂದ ಸಾಯುವುದಿಲ್ಲ, ಒಳಗಿನಿಂದ ಸಾಯುತ್ತದೆ. ಸೀಟ್‌ಪೋಸ್ಟ್ ಸಂದಿಯಿಂದ ಇಳಿದ ನೀರು ಪೆಡಲ್ ಗೂಡಿನಲ್ಲಿ ನಿಲ್ಲುತ್ತದೆ. ಫ್ರೇಮ್ ಖಾಲಿ ಇರುವಾಗಲೇ, ಅಂದರೆ ಏನನ್ನೂ ಜೋಡಿಸುವ ಮುಂಚೆ, ಒಳಗೆ ಎಣ್ಣೆ ಲೇಪಿಸಬೇಕು. ಇದಕ್ಕೆ ಮಾರುವ ಸ್ಪ್ರೇಗಳು ದುಬಾರಿ. ಹಳೇ ಕಾಲದ ಉಪಾಯ ಅಗಸೆ ಎಣ್ಣೆ. ಅಗಸಿ ಹಿಂಡಿ ತಿಂದು ಬೆಳೆದ ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಆದರೆ ಗಾಣದ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆ ತನ್ನಿ. ಪ್ರತಿ ಪೈಪಿನ ಗಾಳಿತೂತಿನಿಂದ ಸ್ವಲ್ಪ ಸುರಿದು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ, ಹೆಚ್ಚಾದದ್ದನ್ನು ಬಸಿದು, ಎರಡು ಮೂರು ದಿನ ನೇತುಹಾಕಿ. ಒಳಗೆ ತೆಳ್ಳನೆ ಪೊರೆ ಕಟ್ಟುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಪೆಡಲ್ ಗೂಡಿನ ತಳದಲ್ಲಿ ನೀರು ಹೋಗುವ ತೂತು ಇಲ್ಲದಿದ್ದರೆ 5 ಮಿ.ಮೀ. ಡ್ರಿಲ್ಲಿನಿಂದ ಒಂದು ಮಾಡಿಸಿ, ಬೆಸುಗೆಯಿಂದ ದೂರ. ಎಳೆಗಳಿಗೆ, ಸೀಟ್‌ಪೋಸ್ಟಿಗೆ, ಹೆಡ್‌ಸೆಟ್ಟಿನ ಬಟ್ಟಲುಗಳಿಗೆ ಧಾರಾಳ ಗ್ರೀಸ್ ಹಚ್ಚಿ. ವರ್ಷಕ್ಕೆ ಎರಡು ಸಲ ಸೀಟ್‌ಪೋಸ್ಟ್ ತೆಗೆದು ಮತ್ತೆ ಹಚ್ಚಿ.

ಹ್ಯಾಂಡಲ್ ಬಿಗಿಸುವ ಕ್ರಮ ಬಹಳ ಜನ ತಲೆಕೆಳಗು ಮಾಡುತ್ತಾರೆ. ಮೊದಲು ಮೇಲಿನ ಮುಚ್ಚಳದ ಬೋಲ್ಟ್, ಹ್ಯಾಂಡಲ್ ಆಟ ಇಲ್ಲದೆ ಸಲೀಸಾಗಿ ತಿರುಗುವಷ್ಟು ಮಾತ್ರ. ಆಮೇಲೆ ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್, 5-6 ನ್ಯೂಟನ್ ಮೀಟರ್. ಮುಚ್ಚಳದ ಬೋಲ್ಟ್ ಭಾರ ಹೊರುವುದಿಲ್ಲ, ಬೇರಿಂಗಿಗೆ ಒತ್ತಡ ಕೊಡುವುದಷ್ಟೇ ಅದರ ಕೆಲಸ. ಸ್ಟೆಮ್ 35-50 ಮಿ.ಮೀ., ಹ್ಯಾಂಡಲ್ ಅಗಲ 740ರ ಆಸುಪಾಸು. ಕಬ್ಬಿನ ಸಾಲಿನ ನಡುವಿನ ದಾರಿಯಲ್ಲಿ 780 ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ಕಬ್ಬಿನ ಎಲೆಯ ಅಂಚು ಬೆರಳು ಕೊಯ್ಯುತ್ತದೆ ಅಂತ ಯಾವ ಸೈಕಲ್ ಪತ್ರಿಕೆಯೂ ಬರೆಯುವುದಿಲ್ಲ.

ಸೀಟಿನ ಎತ್ತರಕ್ಕೆ, ಬರಿಗಾಲಲ್ಲಿ ಗೋಡೆಗೆ ನಿಂತು ನೆಲದಿಂದ ತೊಡೆಸಂದಿಯ ಅಳತೆ ತೆಗೆಯಿರಿ. ಅದನ್ನು 0.883ರಿಂದ ಗುಣಿಸಿ. 78 ಸೆಂ.ಮೀ. ಬಂದರೆ ಸುಮಾರು 69. ಪೆಡಲ್ ಗೂಡಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಅಷ್ಟು. ಇದು ಆರಂಭದ ಅಂಕಿ. ಕಾಲುವೆ ಏರಿ ಮೇಲೆ ಥಟ್ಟನೆ ಕಾಲು ಊರಬೇಕಾದವರು ಒಂದೆರಡು ಸೆಂ.ಮೀ. ಇಳಿಸಿಕೊಳ್ಳಿ. ಮೊಣಕಾಲಿನ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆ ಅಂತ, ಹಿಂದೆ ಬಂದರೆ ಎತ್ತರ ಆಗಿದೆ ಅಂತ ಮೊದಲು ಅನುಮಾನಿಸಿ.

ಏರ್ ಫೋರ್ಕ್ ಇದ್ದರೆ, ಸೈಕಲ್ ಮೇಲೆ ಕೂತಾಗ ಅದರ ಚಲನೆಯ ಶೇ 15-20 ತಗ್ಗಬೇಕು. 100 ಮಿ.ಮೀ. ಫೋರ್ಕಿನ ಕಾಲಿಗೆ ರಬ್ಬರ್ ಉಂಗುರ ಹಾಕಿ, ಕೂತು ಇಳಿಯಿರಿ. ಉಂಗುರ 15-20 ಮಿ.ಮೀ. ಸರಿದಿದ್ದರೆ ಗಾಳಿ ಸರಿ.

ಟೈರಿನ ಗಾಳಿಯನ್ನು ನಮ್ಮ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಬಿಡಬೇಡಿ, ಕಲ್ಲಾಗುವವರೆಗೆ ತುಂಬುತ್ತಾರೆ. 65 ಕಿಲೋದವರಿಗೆ 2.25-2.3 ಟೈರಿನಲ್ಲಿ ಟ್ಯೂಬ್ ಇದ್ದರೆ ಮುಂದೆ 28, ಹಿಂದೆ 32 ಪಿಎಸ್‌ಐ. ಟ್ಯೂಬ್‌ಲೆಸ್ ಆದರೆ 20, 23. ಕ್ಯಾರಿಯರ್ ಮೇಲೆ ಹೊರೆ ಇದ್ದರೆ ಹಿಂದೆ ಐದು ಹೆಚ್ಚು. ನೆಗ್ಗಿನ ಮುಳ್ಳು, ಬಳ್ಳಾರಿ ಜಾಲಿ ಇರುವ ಅಥಣಿ-ತೆಲಸಂಗ ಕಡೆಯವರಿಗೆ ಟ್ಯೂಬ್‌ಲೆಸ್ ಶೋಕಿಯಲ್ಲ, ಅವಶ್ಯಕತೆ. ಒಂದು 29 ಟೈರಿಗೆ ನೂರು ಎಂ.ಎಲ್. ಸೀಲೆಂಟ್ ಹಾಕಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಚೂರಾಗುತ್ತದೆ, ನೋಡಿ ತುಂಬುತ್ತಿರಬೇಕು. ಚೈನಿಗೆ ಹಳೇ ಎಂಜಿನ್ ಆಯಿಲ್ ಬೇಡ, ಧೂಳು ಕಲೆಸಿ ಅರೆಯುವ ಹಿಟ್ಟಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪ ಇಲ್ಲದೆ ಸಂಜೆ ರಸ್ತೆಗೆ ಬರಬೇಡಿ. ಟ್ರೇಲರುಗಳಿಗೆ ದೀಪ ಇರುವುದಿಲ್ಲ, ನಿಮಗಾದರೂ ಇರಲಿ.

ಬಿರುಕು ಬಿಟ್ಟರೆ, ಮುಳುಗಿದರೆ

ಬಿರುಕು ಸಣ್ಣದಿರುವಾಗಲೇ ನಿಲ್ಲಿಸಿ. ಟ್ರೇಲರ್ ಬೆಸೆಯುವ ಆರ್ಕ್ ವೆಲ್ಡಿಂಗ್ ರಾಡು ದಪ್ಪ ಲೋಹಕ್ಕೆ. 0.8 ಮಿ.ಮೀ. ಪೈಪಿಗೆ ಅದನ್ನು ತಾಗಿಸಿದರೆ ತೂತು ಬೀಳುತ್ತದೆ. ಅದೇ ಅಂಗಡಿಯಲ್ಲಿ ಗ್ಯಾಸ್ ಕಟ್ಟು ಇದೆಯೇ ಕೇಳಿ. ಹಿತ್ತಾಳೆ ತಂತಿ ಕರಗಿಸಿ ಕೂಡಿಸುವ ಗ್ಯಾಸ್ ಬೆಸುಗೆ ನಮ್ಮ ಕರಿ ಸೈಕಲ್ ರಿಪೇರಿಯ ಹಳೇ ವಿದ್ಯೆ, ಕ್ರೋಮೋಲಿಗೂ ಹೊಂದುತ್ತದೆ. ಟಿಗ್ ಇದ್ದರೆ ಅದೂ ಸರಿ. ಬಿರುಕಿನ ಸುತ್ತ ಐದು ಸೆಂ.ಮೀ. ಬಣ್ಣ ಪೂರ್ತಿ ಕೆರೆಯಬೇಕು, ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಮಾಡಬೇಕು. ಬೆಸೆದ ಮೇಲೆ ನೀರು ಎರಚಬಾರದು, ಎಂದೂ. ಕಾದ ಕ್ರೋಮೋಲಿ ಥಟ್ಟನೆ ತಣ್ಣಗಾದರೆ ಗಾಜಿನಂತೆ ಪೆಡಸಾಗುತ್ತದೆ. ಗಾಳಿಗೆ ತಾನೇ ಆರಲಿ. ಫೋರ್ಕ್ ಮತ್ತು ಅದರ ನಡುಗೊಳವೆ ಮಾತ್ರ ಬೆಸೆಯಬೇಡಿ, ಬದಲಿಸಿ. ಅದು ಮುರಿದರೆ ಮುಖವೇ ಮೊದಲು ನೆಲಕ್ಕೆ.

ನೆರೆಯ ಮಾತು ಹೇಳದೆ ಈ ಭಾಗದ ಯಾವ ಕೈಪಿಡಿಯೂ ಪೂರ್ತಿ ಆಗದು. 2005ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕೃಷ್ಣೆ ಈ ತಾಲೂಕುಗಳ ಹಳ್ಳಿಗಳೊಳಗೆ ಬಂದಿತ್ತು. ಕಲ್ಲೋಳ-ಯಡೂರ, ಜತ್ರಾಟ-ಭಿವಶಿಯಂಥ ತಗ್ಗು ಸೇತುವೆಗಳು ಜೋರು ಮಳೆಯ ವರ್ಷಗಳಲ್ಲೆಲ್ಲ ಮುಳುಗುತ್ತವೆ. ನೀರು ಹರಿಯುವ ಸೇತುವೆಯನ್ನು ಸೈಕಲ್ಲಿನಲ್ಲಿ ದಾಟುವ ಸಾಹಸ ಬೇಡ, ದಪ್ಪ ಟೈರು ತೇಲುತ್ತದೆ, ಹಿಡಿತ ಸಿಗುವುದಿಲ್ಲ. ಮನೆಯಲ್ಲಿಟ್ಟ ಸೈಕಲ್ ಮುಳುಗಿದ್ದರೆ ನೀರು ಇಳಿದ ವಾರದೊಳಗೆ ಬಿಚ್ಚಿ. ಸೀಟ್‌ಪೋಸ್ಟ್ ತೆಗೆದು ಫ್ರೇಮನ್ನು ತಲೆಕೆಳಗು ನಿಲ್ಲಿಸಿ, ಒಳಗಿನ ಕೆಸರು ಶುದ್ಧ ನೀರಿನಿಂದ ತೊಳೆದು, ಬಿಸಿಲಿಗೆ ಎರಡು ದಿನ ಇಡಿ. ಹಬ್, ಹೆಡ್‌ಸೆಟ್, ಪೆಡಲ್ ಗೂಡು ಮೂರರ ಬೇರಿಂಗ್ ತೊಳೆದು ಹೊಸ ಗ್ರೀಸ್ ಹಾಕಿ, ಸೀಲ್ಡ್ ಬೇರಿಂಗ್ ಆದರೆ ಕೈಯಲ್ಲಿ ತಿರುಗಿಸಿ, ಕರಕರ ಅಂದರೆ ಬದಲಿಸಿ. ಕೇಬಲ್ ಮತ್ತು ಅದರ ಹೊರಕವಚ ಉಳಿಸಲು ಹೋಗಬೇಡಿ. ಒಳಗೆ ಮತ್ತೊಮ್ಮೆ ಅಗಸೆ ಎಣ್ಣೆ ಆಗಬೇಕು, ಪೈಪು ಪೂರ್ತಿ ಒಣಗಿದ ಮೇಲೆ. ಟೈರಿನ ಒಳಮೈ ಬೆರಳಾಡಿಸಿ ನೋಡಿ, ನೆರೆಯ ಕೆಸರಿನಲ್ಲಿ ತಗಡಿನ ಚೂರು, ಗಾಜು ಇರುತ್ತವೆ.